ಪಿಕ್ಸೀಸ್ ಬ್ಯಾಂಡಿನ ನಾದ ಮತ್ತು ಪ್ರಭಾವ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಪಿಕ್ಸೀಸ್ ಬ್ಯಾಂಡಿನ ಬಗ್ಗೆ ಮಾತು ಬಂದಾಗಲೆಲ್ಲ ಗೆಳೆಯರು, ಸಂಗೀತ ಕಲಿಯುತ್ತಿರುವ ಕಿರಿಯರು ಮತ್ತು ಹಾಡೊಂದನ್ನು ಎಲ್ಲೋ ಕೇಳಿ ಕುತೂಹಲಗೊಂಡವರು ಸುಮಾರಾಗಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರು ಕೇಳಿದ ಮಾತುಗಳನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಬ್ಯಾಂಡನ್ನು ಈಗಷ್ಟೇ ಕೇಳಲು ತೊಡಗಿದವರ ಪ್ರಶ್ನೆಗಳು ಮೊದಲು ಬರುತ್ತವೆ, ವಾದ್ಯ ನುಡಿಸುವವರ ಪ್ರಶ್ನೆಗಳು ಕೊನೆಯಲ್ಲಿವೆ.

## ಮೊದಲ ಪರಿಚಯ

ಈ ಪಿಕ್ಸೀಸ್ ಅಂದರೆ ಯಾರು? ಯಾವ ಊರಿನವರು?

ಪಿಕ್ಸೀಸ್ 1986ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹುಟ್ಟಿದ ನಾಲ್ವರ ಬ್ಯಾಂಡ್. ಬ್ಲ್ಯಾಕ್ ಫ್ರಾನ್ಸಿಸ್ ಎಂಬ ಹೆಸರಿನಲ್ಲಿ ಹಾಡುವ ಚಾರ್ಲ್ಸ್ ಥಾಂಪ್ಸನ್ ಮತ್ತು ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಹುಟ್ಟಿದ ಗಿಟಾರ್ ವಾದಕ ಜೋಯಿ ಸ್ಯಾಂಟಿಯಾಗೊ ಆ್ಯಮ್‌ಹರ್ಸ್ಟ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪರಿಚಯವಾದವರು. ಓದಿನ ನಡುವೆ ಕೆಲವು ತಿಂಗಳು ಪೋರ್ಟೊರಿಕೊದಲ್ಲಿದ್ದು ಮರಳಿದ ಥಾಂಪ್ಸನ್ ಕಾಲೇಜು ಬಿಟ್ಟು ಬ್ಯಾಂಡ್ ಕಟ್ಟುವ ನಿರ್ಧಾರ ಮಾಡಿ, ಸ್ಯಾಂಟಿಯಾಗೊ ಅವರನ್ನೂ ಜೊತೆಗೆ ಕರೆತಂದರು. ಹ್ಯೂಸ್ಕರ್ ಡೂ ಎಂಬ ಅಬ್ಬರದ ಬ್ಯಾಂಡ್ ಮತ್ತು ಪೀಟರ್, ಪಾಲ್ ಆ್ಯಂಡ್ ಮೇರಿ ಎಂಬ ಮೃದುಕಂಠದ ಜಾನಪದ ತಂಡ, ಈ ಎರಡನ್ನೂ ಮೆಚ್ಚುವ ಬೇಸ್ ವಾದಕರು ಬೇಕೆಂದು ಅವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅದಕ್ಕೆ ಉತ್ತರಿಸಿದವರು ಕಿಮ್ ಡೀಲ್ ಒಬ್ಬರೇ, ಮತ್ತು ಅವರ ಬಳಿ ಬೇಸ್ ಗಿಟಾರೇ ಇರಲಿಲ್ಲ; ಕೊನೆಗೆ ಅವಳಿ ಸಹೋದರಿಯ ಬೇಸನ್ನು ಎರವಲು ಪಡೆದು ನುಡಿಸಿದರು. ಡ್ರಮ್ಸ್ ನುಡಿಸುವ ಡೇವಿಡ್ ಲವರಿಂಗ್ ಕೊನೆಯದಾಗಿ ಬಂದು ಸೇರಿದರು.

ಆ ಜಾಹೀರಾತಿನ ಒಕ್ಕಣೆಯನ್ನು ನೆನಪಿಟ್ಟುಕೊಳ್ಳಿ. ಮೆಲುದನಿ ಮತ್ತು ಅಬ್ಬರ ಎರಡನ್ನೂ ಒಟ್ಟಿಗೆ ಬಯಸಿದ ಆ ಒಂದು ಸಾಲಿನಲ್ಲಿ ಮುಂದಿನ ಸಂಗೀತದ ನಕ್ಷೆ ಆಗಲೇ ಸಿದ್ಧವಾಗಿತ್ತು.

ಆಲ್ಟರ್ನೇಟಿವ್ ರಾಕ್ ಅಂತಾರಲ್ಲ, ಯಾವುದಕ್ಕೆ ಆಲ್ಟರ್ನೇಟಿವ್?

1980ರ ದಶಕದ ಅಮೆರಿಕದಲ್ಲಿ ದೊಡ್ಡ ಕಂಪನಿಗಳು ಹೊರತರುತ್ತಿದ್ದ, ದೊಡ್ಡ ರೇಡಿಯೊ ಕೇಂದ್ರಗಳು ದಿನವಿಡೀ ಹಾಕುತ್ತಿದ್ದ ನುಣುಪಾದ ರಾಕ್ ಸಂಗೀತದ ಪಕ್ಕದಲ್ಲೇ, ಕಾಲೇಜುಗಳ ವಿದ್ಯಾರ್ಥಿ ರೇಡಿಯೊ, ಸಣ್ಣ ಕ್ಲಬ್ಬು ಮತ್ತು ಸಣ್ಣ ಕಂಪನಿಗಳನ್ನು ನಂಬಿಕೊಂಡ ಇನ್ನೊಂದು ಲೋಕ ಬೆಳೆಯಿತು. ಆ ಲೋಕದ ಸಂಗೀತಕ್ಕೆ ಈ ಹೆಸರು ಬಂತು. ಹೀಗಾಗಿ ಮೊದಮೊದಲು ಅದು ಒಂದು ಶೈಲಿಯ ಹೆಸರಾಗಿರಲಿಲ್ಲ, ಹಾಡು ಕೇಳುಗನನ್ನು ತಲುಪುತ್ತಿದ್ದ ದಾರಿಯ ಹೆಸರಾಗಿತ್ತು. ಪಿಕ್ಸೀಸ್ ಆ ದಾರಿಯಲ್ಲೇ ಬಂದವರು. 1987ರಲ್ಲಿ ಥಾಂಪ್ಸನ್ ಅವರ ತಂದೆ ಕೊಟ್ಟ 1,000 ಡಾಲರಿನಲ್ಲಿ ಬಾಸ್ಟನ್ನಿನ ಫೋರ್ಟ್ ಅಪಾಚೆ ಸ್ಟುಡಿಯೊದಲ್ಲಿ ಮೂರು ದಿನ ಕುಳಿತು ಅವರು ಮಾಡಿದ ಮಾದರಿ ಕ್ಯಾಸೆಟ್ ಲಂಡನ್ನಿನ 4ಎಡಿ ಎಂಬ ಸಣ್ಣ ಕಂಪನಿಯನ್ನು ತಲುಪಿತು. ಅದರಿಂದ ಆರಿಸಿದ 8 ಹಾಡುಗಳು ಅದೇ ವರ್ಷ ‘ಕಮ್ ಆನ್ ಪಿಲ್‌ಗ್ರಿಮ್’ ಎಂಬ ಹೆಸರಿನಲ್ಲಿ ಹೊರಬಂದವು.

ಯಾವ ಆಲ್ಬಮ್‌ನಿಂದ ಶುರು ಮಾಡಲಿ?

1989ರ ‘ಡೂಲಿಟ್ಲ್’ ಆಲ್ಬಮ್‌ನಿಂದ. ಸುಮಾರು 38 ನಿಮಿಷಗಳಲ್ಲಿ 15 ಹಾಡುಗಳಿವೆ, ಯಾವುದೂ ಸತಾಯಿಸುವುದಿಲ್ಲ. ಅನಂತರ 1988ರ ‘ಸರ್ಫರ್ ರೋಸಾ’ ಕೇಳಿ. ಇವೆರಡೂ ಹಿಡಿಸಿದರೆ 1990ರ ‘ಬೊಸ್ಸನೋವಾ’ ಮತ್ತು 1991ರ ‘ಟ್ರೋಂಪ್ ಲ ಮೋಂಡ್’ ಕಡೆಗೆ ಹೋಗಬಹುದು. ಫೋನಿನ ಸ್ಪೀಕರಿನಲ್ಲಿ ಮಾತ್ರ ದಯವಿಟ್ಟು ಕೇಳಬೇಡಿ; ಈ ಬ್ಯಾಂಡಿನ ಅರ್ಧ ಸೊಗಸು ಬೇಸ್ ಗಿಟಾರಿನಲ್ಲಿದೆ, ಸಣ್ಣ ಸ್ಪೀಕರಿನಲ್ಲಿ ಅದು ಸತ್ತೇಹೋಗುತ್ತದೆ.

ಸಿನಿಮಾದ ಕೊನೆಯಲ್ಲಿ ಬರುವ ಆ ಹಾಡು ಒಂದೇ ನನಗೆ ಗೊತ್ತು. ಅದು ಇವರದೇನಾ?

ಹೌದು. 1999ರಲ್ಲಿ ಬಂದ ಡೇವಿಡ್ ಫಿಂಚರ್ ನಿರ್ದೇಶನದ ‘ಫೈಟ್ ಕ್ಲಬ್’ ಚಿತ್ರದ ಕೊನೆಯ ದೃಶ್ಯದಲ್ಲಿ ಕೇಳಿಬರುವ ‘ವೇರ್ ಈಸ್ ಮೈ ಮೈಂಡ್’ ಹಾಡು ‘ಸರ್ಫರ್ ರೋಸಾ’ ಆಲ್ಬಮ್ಮಿನದು. ಚಿತ್ರ ಬಂದಾಗ ಹಾಡಿಗೆ 11 ವರ್ಷ ವಯಸ್ಸಾಗಿತ್ತು, ಬ್ಯಾಂಡ್ ಮುರಿದು 6 ವರ್ಷ ಕಳೆದಿತ್ತು. ಅಮೆರಿಕದ ಹೊರಗೆ, ನಮ್ಮಲ್ಲೂ ಕೂಡ, ಒಂದಿಡೀ ಪೀಳಿಗೆ ಪಿಕ್ಸೀಸ್ ಹೆಸರನ್ನು ಕೇಳಿದ್ದು ಆ ಚಿತ್ರದ ಮೂಲಕವೇ. ನಾನೂ ಹಾಗೆಯೇ ಅವರ ಬಳಿಗೆ ಬಂದವನು. ಕೆರಿಬಿಯನ್ ಕಡಲಿನಲ್ಲಿ ನೀರಿನಡಿ ಈಜುತ್ತಿದ್ದಾಗ ಪುಟ್ಟ ಮೀನೊಂದು ತನ್ನ ಬೆನ್ನು ಹತ್ತಿದ ಅನುಭವದಿಂದ ಆ ಹಾಡು ಹುಟ್ಟಿತೆಂದು ಥಾಂಪ್ಸನ್ ಹೇಳಿದ್ದಾರೆ.

## ನಾದದ ಒಳಗೆ

ಮೆಲ್ಲಗೆ ಹಾಡಿ ಆಮೇಲೆ ಜೋರಾಗಿ ಕಿರುಚುವುದು, ಅಷ್ಟೇ ತಾನೇ ಇವರ ತಂತ್ರ?

ಕೇಳಲು ಅಷ್ಟೇ ಎನಿಸುತ್ತದೆ, ಆದರೆ ಈ ಬ್ಯಾಂಡಿನ ಬಗ್ಗೆ ಅತಿ ಹೆಚ್ಚು ತಪ್ಪಾಗಿ ತಿಳಿದಿರುವ ವಿಷಯವೂ ಇದೇ. ‘ಡೂಲಿಟ್ಲ್’ ಆಲ್ಬಮ್ಮಿನ ಎರಡನೆಯ ಹಾಡು ‘ಟೇಮ್’ ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ, ಎರಡು ನಿಮಿಷವೂ ತುಂಬದ ಹಾಡು ಅದು. ಆರಂಭದಲ್ಲಿ ಬೇಸ್ ಗಿಟಾರ್ ಮೂರು ಸ್ವರಗಳ ಸುತ್ತ ಬಿಡದೆ ಸುತ್ತುತ್ತದೆ, ಡ್ರಮ್ಸ್ ಒಣಗಿದ ಸದ್ದಿನಲ್ಲಿ ಅದರ ಜೊತೆಗೆ ನಡೆಯುತ್ತದೆ, ಹಾಡುಗಾರ ಕಿವಿಯ ಹತ್ತಿರ ಬಂದು ಗುಟ್ಟು ಹೇಳುವವನಂತೆ ಪಿಸುಗುಡುತ್ತಾನೆ. ಪಲ್ಲವಿ ಬಂದಾಗ ಗಂಟಲು ಹರಿಯುವ ಚೀತ್ಕಾರ ಮತ್ತು ಗಿಟಾರುಗಳ ಗೋಡೆ ಒಂದೇ ಕ್ಷಣದಲ್ಲಿ ಎದ್ದು ನಿಲ್ಲುತ್ತವೆ. ಆದರೆ ಆ ಗೋಡೆಯಡಿಯಲ್ಲಿ ಬೇಸ್ ಅದೇ ಮೂರು ಸ್ವರಗಳನ್ನು ಅದೇ ವೇಗದಲ್ಲಿ ನುಡಿಸುತ್ತಲೇ ಇರುತ್ತದೆ. ರಾಗ ಬದಲಾಗಿಲ್ಲ, ಲಯ ಬದಲಾಗಿಲ್ಲ. ತಡೆಹಿಡಿದದ್ದನ್ನು ಬಿಟ್ಟಿದ್ದಾರೆ, ಅಷ್ಟೇ.

ಇವರ ಮೆಲುದನಿಯ ಭಾಗ ಕೇವಲ ದನಿ ತಗ್ಗಿಸಿ ನುಡಿಸಿದ ಭಾಗವಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಎಲ್ಲರೂ ಸಣ್ಣಗೆ ನುಡಿಸುತ್ತಿರುವುದಿಲ್ಲ, ಯಾರೋ ಒಬ್ಬರು ನುಡಿಸುವುದನ್ನೇ ನಿಲ್ಲಿಸಿರುತ್ತಾರೆ. ಅದೇ ಆಲ್ಬಮ್ಮಿನ ಕೊನೆಯ ಹಾಡು ‘ಗೌಜ್ ಅವೇ’ಯಲ್ಲೂ ಹಾಗೆಯೇ: ಚರಣವನ್ನು ಬೇಸ್ ಮತ್ತು ಡ್ರಮ್ಸ್ ಹೊತ್ತು ನಡೆಯುತ್ತವೆ, ಗಿಟಾರ್ ಆಗೊಮ್ಮೆ ಈಗೊಮ್ಮೆ ಇಣುಕುತ್ತದೆ. ಹೀಗೆ ಖಾಲಿ ಬಿಟ್ಟ ಜಾಗವೇ ಕೇಳುಗನಲ್ಲಿ ಬಿಗಿ ಹುಟ್ಟಿಸುತ್ತದೆ. ಪಿಕ್ಸೀಸ್ ರಾಕ್ ಸಂಗೀತಕ್ಕೆ ಕೊಟ್ಟ ದೊಡ್ಡ ಕೊಡುಗೆ ಅವರ ಅಬ್ಬರ ಎಂದು ಬಹಳ ಜನ ತಿಳಿದಿದ್ದಾರೆ. ಅದು ಅವರ ಸಂಯಮ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾಲ್ವರಲ್ಲಿ ನಿಜವಾಗಿ ಬ್ಯಾಂಡಿನ ಸದ್ದು ಯಾರದು?

ಹಾಡುಗಳಲ್ಲಿ ಹೆಚ್ಚಿನವನ್ನು ಬರೆದವರು ಥಾಂಪ್ಸನ್, ಆದ್ದರಿಂದ ಅವರ ಹೆಸರನ್ನೇ ಮೊದಲು ಹೇಳುವುದು ರೂಢಿ. ಆದರೆ ಕಣ್ಣು ಮುಚ್ಚಿ ಕೇಳಿದರೆ ಇದು ಪಿಕ್ಸೀಸ್ ಎಂದು ಗುರುತು ಹಿಡಿಸುವುದು ಥಾಂಪ್ಸನ್ ಕಂಠ ಮತ್ತು ಕಿಮ್ ಡೀಲ್ ಕಂಠಗಳ ನಡುವಿನ ದೂರ. ಒಂದು ಉರಿಯುತ್ತಿದ್ದರೆ ಇನ್ನೊಂದು ಯಾವ ಅವಸರವೂ ಇಲ್ಲದೆ, ಪಕ್ಕದ ಕೋಣೆಯಲ್ಲಿ ಗುನುಗುವವರ ಹಾಗೆ ತಣ್ಣಗೆ ಬರುತ್ತದೆ. ಡೀಲ್ ಅವರ ಬೇಸ್ ವಾದನವೂ ಹಾಗೆಯೇ: ಆಡಂಬರವಿಲ್ಲ, ಒಂದು ಸ್ವರವೂ ಹೆಚ್ಚಿಲ್ಲ, ಆದರೆ ‘ಡಿಬೇಸರ್’ ಮತ್ತು ‘ಜೈಗ್ಯಾಂಟಿಕ್’ ಹಾಡುಗಳನ್ನು ನೆನೆದಾಗ ನಾಲಿಗೆಗೆ ಮೊದಲು ಬರುವುದು ಬೇಸಿನ ಸಾಲೇ.

ಸ್ಯಾಂಟಿಯಾಗೊ ಅವರದು ಇನ್ನೊಂದು ಬಗೆಯ ಜಾಣ್ಮೆ. ವೇಗವಾಗಿ ಸ್ವರಗಳನ್ನು ಸುರಿಸುವ ಗಿಟಾರ್ ಶೂರರ ಕಾಲದಲ್ಲಿ ಅವರು ಎರಡು ಮೂರು ಸ್ವರಗಳನ್ನು ಬಾಗಿಸಿ, ಕೊಂಚ ಅಪಸ್ವರವೆನಿಸುವ ಹಾಗೆ ಅಲ್ಲೇ ನಿಲ್ಲಿಸಿಬಿಡುತ್ತಿದ್ದರು. ‘ವಾಮೋಸ್’ ಹಾಡಿನಲ್ಲಂತೂ ಅವರ ಗಿಟಾರ್ ಬಹುಪಾಲು ಬರೀ ಫೀಡ್‌ಬ್ಯಾಕಿನ, ಅಂದರೆ ಸ್ಪೀಕರಿನ ಸದ್ದು ಗಿಟಾರಿಗೇ ಮರಳಿ ಹುಟ್ಟುವ ಕೀರಲು ದನಿಯ, ಕೂಗಾಟ; ವೇದಿಕೆಯ ಮೇಲೆ ಅದನ್ನು ಡ್ರಮ್ಸ್ ಕೋಲಿನಿಂದಲೂ ನುಡಿಸುವುದುಂಟು. ಲವರಿಂಗ್ ಅವರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ‘ಬೋನ್ ಮಷೀನ್’ ಹಾಡಿನ ಆರಂಭದಲ್ಲಿ ಡ್ರಮ್ಸ್ ಒಂದೇ ಕೇಳಿಬರುವ ಕೆಲವು ಕ್ಷಣಗಳನ್ನು ಕೇಳಿದರೆ, ಉಳಿದ ಮೂವರು ಅಷ್ಟು ನಿಶ್ಚಿಂತೆಯಿಂದ ದಾರಿ ತಪ್ಪಲು ಹೇಗೆ ಸಾಧ್ಯವಾಯಿತೆಂದು ಗೊತ್ತಾಗುತ್ತದೆ.

ನಾನು ಕರ್ನಾಟಕ ಸಂಗೀತ ಕಲಿತವಳು. ಇವರ ಹಾಡಿನಲ್ಲಿ ಸ್ವರ ಎಲ್ಲೋ ಜಾರಿದ ಹಾಗೆ ಅನ್ನಿಸುತ್ತದೆ, ಅದು ತಪ್ಪೋ ಬೇಕೆಂದೇ ಮಾಡಿದ್ದೋ?

ನಿಮ್ಮ ಕಿವಿ ಸರಿಯಾಗಿಯೇ ಕೇಳಿದೆ, ಮತ್ತು ಅದು ತಪ್ಪಲ್ಲ. ‘ವೇರ್ ಈಸ್ ಮೈ ಮೈಂಡ್’ ಹಾಡು ನಾಲ್ಕು ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ನಿಂತಿದೆ: ಇ ಮೇಜರ್, ಸಿ ಶಾರ್ಪ್ ಮೈನರ್, ಜಿ ಶಾರ್ಪ್ ಮೇಜರ್, ಎ ಮೇಜರ್. ಇ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡು ನೋಡಿ. ಎರಡನೆಯ ಕಾರ್ಡಿನಲ್ಲಿ ಚತುಶ್ರುತಿ ಧೈವತವಿದೆ. ಮೂರನೆಯದು, ಪಾಶ್ಚಾತ್ಯ ಸಂಗೀತದ ನಿಯಮದಂತೆ ಹೋಗಿದ್ದರೆ, ಜಿ ಶಾರ್ಪ್ ಮೈನರ್ ಆಗಿ ತನ್ನೊಳಗೆ ಪಂಚಮವನ್ನು ಇಟ್ಟುಕೊಳ್ಳಬೇಕಿತ್ತು. ಅದನ್ನು ಮೇಜರ್ ಮಾಡಿದ್ದರಿಂದ ಪಂಚಮದ ಜಾಗದಲ್ಲಿ ಶುದ್ಧ ಧೈವತ ಬಂದು ಕುಳಿತಿದೆ. ನಾಲ್ಕನೆಯ ಕಾರ್ಡಿನಲ್ಲಿ ಮತ್ತೆ ಚತುಶ್ರುತಿ ಧೈವತ. ಅಂದರೆ ಪ್ರತಿ ಸುತ್ತಿನಲ್ಲೂ ಧೈವತ ಒಂದು ಮೆಟ್ಟಿಲು ಇಳಿದು ಮತ್ತೆ ಏರುತ್ತದೆ. ಒಂದೇ ರಾಗದಲ್ಲಿ ಎರಡು ಧೈವತಗಳನ್ನು ಬೆನ್ನುಬೆನ್ನಿಗೆ ಕೇಳುವ ಅಭ್ಯಾಸವಿಲ್ಲದ ಕಿವಿಗೆ ನೆಲ ಸ್ವಲ್ಪ ಜರುಗಿದಂತೆ ಅನ್ನಿಸುವುದು ಸಹಜ. ತಲೆ ಎಲ್ಲಿ ಹೋಯಿತು ಎಂದು ಕೇಳುವ ಹಾಡಿಗೆ ಇದಕ್ಕಿಂತ ಒಪ್ಪುವ ಸ್ವರಸಂಚಾರ ಇನ್ನೊಂದಿಲ್ಲ.

ಮೈನರ್ ಬರಬೇಕಾದಲ್ಲಿ ಮೇಜರ್ ಕಾರ್ಡ್ ಇಡುವ ಈ ಅಭ್ಯಾಸ ಅವರ ಬೇರೆ ಹಾಡುಗಳಲ್ಲೂ ಇದೆ. ತಾಳದಲ್ಲೂ ಹಾಗೆಯೇ: ನಾಲ್ಕು ಆವರ್ತ ಮುಗಿದು ಪಲ್ಲವಿ ಬರಬಹುದೆಂದು ಕೈಯಲ್ಲಿ ಎಣಿಸುತ್ತಿದ್ದರೆ, ಕೆಲವೆಡೆ ಒಂದು ಆವರ್ತ ಮೊದಲೇ ಬಂದುಬಿಡುತ್ತದೆ, ಕೆಲವೆಡೆ ಒಂದು ತಡವಾಗುತ್ತದೆ.

ಸಾಹಿತ್ಯಕ್ಕೆ ತಲೆಬುಡ ಇಲ್ಲವಲ್ಲ, ಅರ್ಥವಾಗದ ಹಾಡನ್ನು ಯಾಕೆ ಕೇಳಬೇಕು?

ಭಾವಗೀತೆಗಳನ್ನು ಕೇಳುತ್ತ ಬೆಳೆದ ನಮಗೆ ಕವಿತೆ ಮೊದಲು, ರಾಗ ಆಮೇಲೆ. ಆದ್ದರಿಂದ ಈ ಪ್ರಶ್ನೆಯನ್ನು ನಾನು ಗೌರವದಿಂದಲೇ ನೋಡುತ್ತೇನೆ. ಥಾಂಪ್ಸನ್ ಪದಗಳನ್ನು ಆರಿಸುವುದು ಮುಖ್ಯವಾಗಿ ಅವುಗಳ ಸದ್ದಿಗಾಗಿ, ಮತ್ತು ಅವು ಕಣ್ಣ ಮುಂದೆ ತರುವ ಚಿತ್ರಕ್ಕಾಗಿ. ‘ಡಿಬೇಸರ್’ ಹಾಡಿನ ಹಿಂದೆ ಲೂಯಿಸ್ ಬುನ್ಯುವೆಲ್ ಮತ್ತು ಸಾಲ್ವಡಾರ್ ಡಾಲಿ 1929ರಲ್ಲಿ ಮಾಡಿದ ಕಿರುಚಿತ್ರವಿದೆ, ಕಣ್ಣನ್ನು ಕ್ಷೌರಕತ್ತಿಯಿಂದ ಸೀಳುವ ದೃಶ್ಯಕ್ಕೆ ಹೆಸರಾದದ್ದು. ‘ಗೌಜ್ ಅವೇ’ ಬೈಬಲ್ಲಿನ ಸ್ಯಾಮ್ಸನ್ ಕಥೆಯಿಂದ ಬಂದಿದೆ. ‘ಮಂಕಿ ಗಾನ್ ಟು ಹೆವನ್’ ಹಾಡಿನಲ್ಲಿ ಹೊಲಸಾದ ಕಡಲು ಮತ್ತು ತೂತು ಬಿದ್ದ ಆಕಾಶದ ಮಾತಿದೆ. ಪೋರ್ಟೊರಿಕೊ ವಾಸದಿಂದ ಬಂದ ಹರಕುಮುರುಕು ಸ್ಪ್ಯಾನಿಶ್ ಹಲವು ಹಾಡುಗಳಲ್ಲಿ ನುಸುಳುತ್ತದೆ. ಸಾಲಿನಿಂದ ಸಾಲಿಗೆ ಅರ್ಥ ಜೋಡಿಸಲು ಹೋದರೆ ಕೈಗೆ ಸಿಗುವುದಿಲ್ಲ, ಆದರೆ ಕನಸಿನಿಂದ ಎದ್ದವರಿಗೆ ಕಥೆ ಮರೆತರೂ ಭಯ ನೆನಪಿರುವ ಹಾಗೆ ಹಾಡಿನ ಭಾವ ಉಳಿದುಕೊಳ್ಳುತ್ತದೆ.

‘ಸರ್ಫರ್ ರೋಸಾ’ ಮತ್ತು ‘ಡೂಲಿಟ್ಲ್’ ಎರಡೂ ಅದೇ ಬ್ಯಾಂಡ್. ಸದ್ದು ಮಾತ್ರ ಅಷ್ಟೊಂದು ಬೇರೆ ಯಾಕೆ?

ಧ್ವನಿಮುದ್ರಣ ಮಾಡಿದವರು ಬೇರೆ, ಅವರ ಧೋರಣೆಯೂ ಬೇರೆ. ‘ಸರ್ಫರ್ ರೋಸಾ’ವನ್ನು 1987ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ, ಹತ್ತು ದಿನಗಳ ಆಸುಪಾಸಿನಲ್ಲಿ ಮುದ್ರಿಸಿಕೊಂಡವರು ಸ್ಟೀವ್ ಆಲ್ಬಿನಿ. ಸ್ಟುಡಿಯೊ ಯಂತ್ರಗಳು ಹುಟ್ಟಿಸುವ ಕೃತಕ ಪ್ರತಿಧ್ವನಿ ಅವರಿಗೆ ಸೇರುತ್ತಿರಲಿಲ್ಲ. ಕೋಣೆಯೊಂದರಲ್ಲಿ ನಾಲ್ವರು ನುಡಿಸಿದಾಗ ಆ ಕೋಣೆಯ ಗೋಡೆ ಮತ್ತು ನೆಲ ಏನನ್ನು ಮರಳಿ ಕೊಡುತ್ತವೆಯೋ ಅದೂ ಟೇಪಿಗೆ ಹೋಗಬೇಕು ಎಂಬುದು ಅವರ ನಂಬಿಕೆ. ಕಿಮ್ ಡೀಲ್ ಅವರ ಕಂಠಕ್ಕೆ ನಿಜವಾದ ಪ್ರತಿಧ್ವನಿ ಬೇಕೆಂದು ಸಾಮಾನುಗಳನ್ನೆಲ್ಲ ಸ್ಟುಡಿಯೊದ ಬಚ್ಚಲುಮನೆಗೆ ಸಾಗಿಸಿ ಅಲ್ಲಿ ಹಾಡಿಸಿದರು. ‘ವೇರ್ ಈಸ್ ಮೈ ಮೈಂಡ್’ ಹಾಡಿನಲ್ಲಿ ದೂರದಿಂದ ತೇಲಿಬರುವ ಆ ‘ಊ’ಕಾರ ಹೆಂಚು ಹಾಸಿದ ಗೋಡೆಗೆ ತಾಗಿ ಬಂದದ್ದೆಂದು ತಿಳಿದು ಕೇಳಿದಾಗ, ಆ ಕೋಣೆಯ ಅಗಲವನ್ನೇ ಅಳೆಯಬಹುದೆಂಬಂತೆ ಕೇಳಿಸುತ್ತದೆ. ಆಲ್ಬಿನಿ ಇದಕ್ಕೆ ತೆಗೆದುಕೊಂಡದ್ದು 1,500 ಡಾಲರ್. ಆಲ್ಬಮ್ ಮಾರಾಟದಲ್ಲಿ ಪಾಲು ಬೇಡವೆಂದರು, ಸಂಗೀತದ ಹಣ ನುಡಿಸಿದವರಿಗೇ ಸೇರಬೇಕೆಂಬ ತತ್ವವನ್ನು 2024ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ.

‘ಡೂಲಿಟ್ಲ್’ ನಿರ್ಮಿಸಿದ ಇಂಗ್ಲೆಂಡಿನ ಗಿಲ್ ನಾರ್ಟನ್ ಅವರಿಗೆ 40,000 ಡಾಲರ್ ಬಜೆಟ್ ಇತ್ತು. ಅವರು ಹಾಡುಗಳ ಕಟ್ಟಡವನ್ನೇ ತಿದ್ದಿದರು, ‘ಮಂಕಿ ಗಾನ್ ಟು ಹೆವನ್’ ಹಾಡಿಗೆ ಪಿಟೀಲು ಮತ್ತು ಚೆಲ್ಲೊ ಸೇರಿಸಿದರು, ಪ್ರತಿಯೊಂದು ವಾದ್ಯಕ್ಕೂ ಅಂಚು ಕೊಟ್ಟು ಬಿಡಿಸಿ ಇಟ್ಟರು. ಹಾಡುಗಳನ್ನು ಇನ್ನಷ್ಟು ಉದ್ದ ಮಾಡೋಣವೆಂದು ನಾರ್ಟನ್ ಒತ್ತಾಯಿಸಿದಾಗ, ಥಾಂಪ್ಸನ್ ನಾರ್ಟನ್ ಅವರನ್ನು ರೆಕಾರ್ಡ್ ಅಂಗಡಿಗೆ ಕರೆದುಕೊಂಡು ಹೋಗಿ, 1950ರ ದಶಕದ ರಾಕ್ ಹಾಡುಗಾರ ಬಡ್ಡಿ ಹಾಲಿಯ ಆಯ್ದ ಹಾಡುಗಳ ಸಂಗ್ರಹವೊಂದನ್ನು ಎತ್ತಿ, ಎರಡೆರಡು ನಿಮಿಷದ ಅದರ ಹಾಡುಗಳ ಪಟ್ಟಿಯನ್ನು ತೋರಿಸಿದರಂತೆ. ಹೊಸಬರಿಗೆ ನಾನು ‘ಡೂಲಿಟ್ಲ್’ ಕೊಡುತ್ತೇನೆ, ನಾನೇ ಮತ್ತೆ ಮತ್ತೆ ಹಾಕಿಕೊಳ್ಳುವುದು ‘ಸರ್ಫರ್ ರೋಸಾ’.

## ಪ್ರಭಾವ

ನಿರ್ವಾಣದವರು ಇವರನ್ನು ನಕಲು ಮಾಡಿದರು ಅಂತಾರೆ, ನಿಜವಾ?

ನಿರ್ವಾಣ ಎಂಬ ಅಮೆರಿಕದ ರಾಕ್ ಬ್ಯಾಂಡಿನ ಹಾಡುಗಾರ ಕರ್ಟ್ ಕೋಬೇನ್ ಅವರೇ ಅದನ್ನು ಒಪ್ಪಿಕೊಂಡಿದ್ದಾರೆ. 1994ರ ಜನವರಿಯಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಅವರು, 1991ರ ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಬರೆದಾಗ ತಾನು ಪಿಕ್ಸೀಸ್ ರೀತಿಯನ್ನು ಎತ್ತಿಕೊಳ್ಳಲು ಹೊರಟಿದ್ದೆನೆಂದೂ, ಸದ್ದಡಗಿ ಮತ್ತೆ ಅಬ್ಬರಿಸುವ ಅವರ ಕ್ರಮವನ್ನು ಬಳಸಿಕೊಂಡೆನೆಂದೂ ಹೇಳಿದರು. ಹೀಗೆ ಋಣವನ್ನು ಬಾಯಿಬಿಟ್ಟು ಹೇಳಿದ್ದು ಕೋಬೇನ್ ಅವರ ದೊಡ್ಡತನ. ಅದನ್ನು ಕಳ್ಳತನದ ತಪ್ಪೊಪ್ಪಿಗೆಯ ಹಾಗೆ ಓದುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಹಾಡನ್ನು ‘ಟೇಮ್’ ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಚರಣದಲ್ಲಿ ಬೇಸ್ ಮತ್ತು ಡ್ರಮ್ಸ್ ಮಾತ್ರ ಉಳಿಸಿ, ಗಿಟಾರನ್ನು ಎರಡು ಸ್ವರಗಳಿಗೆ ಇಳಿಸಿದ್ದು ಪಿಕ್ಸೀಸ್ ಪಾಠ. ಆದರೆ ನಿರ್ವಾಣ ಆ ಚೌಕಟ್ಟಿನಲ್ಲಿ ಐದು ನಿಮಿಷದ, ಸಾವಿರಾರು ಜನ ಒಟ್ಟಿಗೆ ಕೂಗಬಹುದಾದ ಹಾಡು ಕಟ್ಟಿತು. ಪಿಕ್ಸೀಸ್ ಹಾಡಿನ ಸೊಟ್ಟ ಲೆಕ್ಕ, ಸೊಟ್ಟ ಸ್ವರಗಳಿಗೆ ಅಲ್ಲಿ ಜಾಗವಿರಲಿಲ್ಲ. 1993ರ ‘ಇನ್ ಯೂಟೆರೊ’ ಆಲ್ಬಮ್ಮಿಗೆ ಕೋಬೇನ್ ಆಲ್ಬಿನಿ ಅವರನ್ನು ಕರೆಸಿಕೊಂಡದ್ದರ ಹಿಂದೆಯೂ ‘ಸರ್ಫರ್ ರೋಸಾ’ದ ಮೇಲಿನ ಮೋಹವಿತ್ತು.

ನಿರ್ವಾಣ ಬಿಟ್ಟರೆ ಬೇರೆ ಯಾರ ಮೇಲೆ ಪ್ರಭಾವ ಕಾಣುತ್ತದೆ?

ಪ್ರಭಾವ ಎರಡು ದಾರಿಗಳಲ್ಲಿ ಹರಿದಿದೆ: ಒಂದು ಹಾಡುಗಳ ಮೂಲಕ, ಇನ್ನೊಂದು ಆ ಹಾಡುಗಳನ್ನು ಮುದ್ರಿಸಿದ ಕೈಗಳ ಮೂಲಕ. ಎರಡನೆಯದನ್ನು ಜನ ಗಮನಿಸುವುದು ಕಡಿಮೆ. ಪಿಕ್ಸೀಸ್ ಅವರ ಮೊದಲ ಮಾದರಿ ಕ್ಯಾಸೆಟ್ಟಿಗೆ ಧ್ವನಿ ಎಂಜಿನಿಯರ್ ಆಗಿದ್ದ ಪಾಲ್ ಕೋಲ್ಡೆರಿ ಮುಂದೆ ಶಾನ್ ಸ್ಲೇಡ್ ಜೊತೆ ಸೇರಿ ರೇಡಿಯೊಹೆಡ್ ಬ್ಯಾಂಡಿನ ಮೊದಲ ಆಲ್ಬಮ್ ನಿರ್ಮಿಸಿದರು. ಮೆಲುದನಿಯ ಚರಣವನ್ನು ಗಿಟಾರಿನ ಒರಟು ಹೊಡೆತ ಸೀಳುವ ‘ಕ್ರೀಪ್’ ಹಾಡು ಅದರಲ್ಲಿದೆ. ಪಿ. ಜೆ. ಹಾರ್ವಿ 1993ರ ‘ರಿಡ್ ಆಫ್ ಮಿ’ಗೆ ಆಲ್ಬಿನಿ ಬಳಿಗೆ ಹೋದರು. ಗಿಲ್ ನಾರ್ಟನ್ 1997ರಲ್ಲಿ ಫೂ ಫೈಟರ್ಸ್ ಅವರ ಎರಡನೆಯ ಆಲ್ಬಮ್ ನಿರ್ಮಿಸಿದರು.

ಹಿರಿಯರಲ್ಲಿ ಬ್ರಿಟನ್ನಿನ ಹಾಡುಗಾರ ಡೇವಿಡ್ ಬೋವಿ ಇವರನ್ನು ಬಹಳ ಮೊದಲೇ ಮೆಚ್ಚಿದವರು, 2002ರ ‘ಹೀದನ್’ ಆಲ್ಬಮ್ಮಿನಲ್ಲಿ ಅವರ ‘ಕ್ಯಾಕ್ಟಸ್’ ಹಾಡನ್ನು ತಾವೇ ಹಾಡಿದರು. ಕಿಮ್ ಡೀಲ್ ಕಟ್ಟಿದ ಬ್ರೀಡರ್ಸ್ ಬ್ಯಾಂಡನ್ನು ಪಿಕ್ಸೀಸ್ ಬಾಲವೆಂದು ಎಣಿಸಬಾರದು. 1990ರ ‘ಪಾಡ್’ ಮತ್ತು 1993ರ ‘ಲಾಸ್ಟ್ ಸ್ಪ್ಲ್ಯಾಶ್’ ಸ್ವಂತ ಬಲದಿಂದ ನಿಂತ ಆಲ್ಬಮ್‌ಗಳು. ಬಿಟ್ಟುಬಿಡುವ ಕಲೆಯನ್ನು ಡೀಲ್ ಅಲ್ಲಿ ಇನ್ನೂ ದೂರಕ್ಕೆ ಕೊಂಡೊಯ್ದಿದ್ದಾರೆ.

ಇಷ್ಟೆಲ್ಲ ಹೆಸರಿದ್ದವರು ಅಮೆರಿಕದಲ್ಲೇ ಯಾಕೆ ದೊಡ್ಡ ತಾರೆಗಳಾಗಲಿಲ್ಲ?

ಕಾಲ ಕೂಡಿಬರಲಿಲ್ಲ. ‘ಡೂಲಿಟ್ಲ್’ ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ 8ನೆಯ ಸ್ಥಾನಕ್ಕೆ, ‘ಬೊಸ್ಸನೋವಾ’ 3ನೆಯ ಸ್ಥಾನಕ್ಕೆ ಏರಿದವು, ಆದರೆ ತಾಯ್ನಾಡಿನಲ್ಲಿ ‘ಡೂಲಿಟ್ಲ್’ 98ನ್ನು ದಾಟಲಿಲ್ಲ. ಇಂತಹ ಸಂಗೀತವನ್ನು ದೊಡ್ಡ ರೇಡಿಯೊಗಳು ಹಾಕತೊಡಗಿದ್ದು 1991ರ ಕೊನೆಯಲ್ಲಿ, ನಿರ್ವಾಣದ ಅಲೆ ಎದ್ದ ಮೇಲೆ. ಅಷ್ಟರಲ್ಲಿ ಪಿಕ್ಸೀಸ್ ತಮ್ಮ ಮೊದಲ ಕಾಲದ ಕೊನೆಯ ಆಲ್ಬಮ್ ಮುಗಿಸಿ, ಒಳಗೊಳಗೇ ದಣಿದಿದ್ದರು. ಬಾಗಿಲು ತೆರೆದಾಗ ಅವರು ಹೊರಟು ನಿಂತಿದ್ದರು.

ಬ್ಯಾಂಡ್ ಒಡೆದದ್ದು ಯಾಕೆ? ಕಿಮ್ ಡೀಲ್ ಇಲ್ಲದ ಪಿಕ್ಸೀಸ್ ಪಿಕ್ಸೀಸೇ?

ಥಾಂಪ್ಸನ್ ಮತ್ತು ಡೀಲ್ ನಡುವೆ ವರ್ಷಗಳಿಂದ ಬೆಳೆದ ಬಿರುಕು, ಬಿಡುವಿಲ್ಲದ ಪ್ರವಾಸದ ಆಯಾಸ ಇವೇ ಕಾರಣ. 1993ರ ಆರಂಭದಲ್ಲಿ ಥಾಂಪ್ಸನ್ ಬಿಬಿಸಿ ರೇಡಿಯೊ ಸಂದರ್ಶನವೊಂದರಲ್ಲಿ ಬ್ಯಾಂಡ್ ಮುಗಿಯಿತೆಂದು ಹೇಳಿದರು. ಸ್ಯಾಂಟಿಯಾಗೊಗೆ ಫೋನಿನಲ್ಲಿ, ಉಳಿದಿಬ್ಬರಿಗೆ ಫ್ಯಾಕ್ಸ್ ಮೂಲಕ ಸುದ್ದಿ ತಲುಪಿತು. 2004ರಲ್ಲಿ ನಾಲ್ವರೂ ಮತ್ತೆ ಒಂದಾಗಿ ವೇದಿಕೆ ಏರಿದಾಗ, ಬ್ಯಾಂಡಿನ ಮೊದಲ ಕಾಲದಲ್ಲಿ ಅವರನ್ನು ಕೇಳುವಷ್ಟು ವಯಸ್ಸಾಗಿರದವರೇ ಸಭೆ ತುಂಬಿದ್ದರು. 2013ರಲ್ಲಿ ಡೀಲ್ ಹೊರನಡೆದರು, 2014ರ ‘ಇಂಡಿ ಸಿಂಡಿ’ಯಿಂದ 2024ರವರೆಗೆ ಬ್ಯಾಂಡ್ ಐದು ಹೊಸ ಆಲ್ಬಮ್ ತಂದಿದೆ. ಅವುಗಳಲ್ಲಿ ಒಳ್ಳೆಯ ಹಾಡುಗಳಿವೆ. ಆದರೆ ಎರಡು ಕಂಠಗಳ ನಡುವಿನ ಆ ದೂರವನ್ನು ನಾನು ಅಲ್ಲಿ ಹುಡುಕುತ್ತಲೇ ಇರುತ್ತೇನೆ, ಸಿಗುವುದಿಲ್ಲ.

ನಮ್ಮದೊಂದು ಕಾಲೇಜು ಬ್ಯಾಂಡ್ ಇದೆ. ಜೋರಾಗಿ ನುಡಿಸಿದರೂ ಅವರ ಹಾಗೆ ಎದೆಗೆ ಬಡಿಯುವುದಿಲ್ಲ, ಎಲ್ಲಿ ತಪ್ಪುತ್ತಿದ್ದೇವೆ?

ಬಹುಶಃ ಜೋರಿನಲ್ಲಿ ಅಲ್ಲ, ಮೆಲ್ಲಗಿನ ಭಾಗದಲ್ಲಿ ತಪ್ಪುತ್ತಿದ್ದೀರಿ. ಹೆಚ್ಚಿನ ಬ್ಯಾಂಡುಗಳು ಚರಣದಲ್ಲಿ ವಾಲ್ಯೂಮ್ ತಗ್ಗಿಸಿ ಎಲ್ಲರೂ ನುಡಿಸುತ್ತಲೇ ಇರುತ್ತಾರೆ. ಆಗ ಪಲ್ಲವಿಗೆ ಬರಲು ಹೊಸದೇನೂ ಉಳಿದಿರುವುದಿಲ್ಲ. ಗಿಟಾರ್ ನುಡಿಸುವ ಇಬ್ಬರೂ ಚರಣದಲ್ಲಿ ತಂತಿಯಿಂದ ಕೈ ತೆಗೆಯಿರಿ. ಬೇಸ್ ಒಂದೇ ಸಾಲನ್ನು ಹಿಡಿದು ಹೋಗಲಿ, ಪಲ್ಲವಿಯಲ್ಲೂ ಅದನ್ನೇ ಹಿಡಿದಿರಲಿ. ಡ್ರಮ್ಸ್ ವೇಗ ಹೆಚ್ಚದಂತೆ ನೋಡಿಕೊಳ್ಳಿ, ಏಕೆಂದರೆ ಅಬ್ಬರ ಬಂದೊಡನೆ ಓಡುವುದು ಎಲ್ಲ ಹೊಸಬರ ಅಭ್ಯಾಸ. ಪಲ್ಲವಿ ಮುಗಿದಾಗ ಗಿಟಾರುಗಳು ಮೆಲ್ಲಗೆ ಕರಗಬಾರದು, ಅಂಗೈಯಿಂದ ತಂತಿ ಅದುಮಿ ಒಮ್ಮೆಗೇ ಕತ್ತರಿಸಬೇಕು. ಮುಂದಿನ ಅಭ್ಯಾಸದಲ್ಲಿ ಇದನ್ನು ಫೋನಿನಲ್ಲಿ ಮುದ್ರಿಸಿಕೊಂಡು, ಗಿಟಾರ್ ನಿಂತ ಆ ಮೊದಲ ಆವರ್ತವನ್ನು ಮಾತ್ರ ಕೇಳಿ. ಬೇಸ್ ಮತ್ತು ಡ್ರಮ್ಸ್ ಎರಡೇ ಅಲ್ಲಿ ಹಾಡನ್ನು ಹೊತ್ತು ನಿಲ್ಲದಿದ್ದರೆ ಗಿಟಾರಿಗೆ ಮರಳುವ ಮೊದಲು ಆ ಎರಡನ್ನೇ ಇನ್ನೊಂದು ವಾರ ನುಡಿಸಿ.